ಆರು ಜನ, ಒಂದು ಸ್ಪೀಕರ್, ನಮ್ಮೂರಿನ ಕಥೆ: ಸ್ವಂತ ನೃತ್ಯನಾಟಕ ಕಟ್ಟೋದು ಹೇಗೆ

ಶಿರಸಿ ಕಡೆ ಭರತನಾಟ್ಯ ಕಲಿತ ಹುಡುಗಿಯರು ಬೇಕಾದಷ್ಟು ಇದ್ದಾರೆ. ಯಕ್ಷಗಾನದ ಹೆಜ್ಜೆ ಗೊತ್ತಿರುವವರಿಗೂ ಬರ ಇಲ್ಲ. ಇಂಥ ಐದಾರು ಜನ ಸೇರಿ ಸ್ವಂತದ್ದೊಂದು ಮಾಡೋಣ ಅಂತ ಹೊರಟರೆ ಮೊದಲು ಕೂತು "ವಿಷಯ" ಹುಡುಕುತ್ತಾರೆ. ಪರಿಸರ, ಹೆಣ್ಣುಮಕ್ಕಳು, ಕುಡಿತ, ಪ್ಲಾಸ್ಟಿಕ್. ನಾವೂ ಹಾಗೇ ಶುರು ಮಾಡಿದ್ದು. ನಮ್ಮ ಮೊದಲ ಪ್ರಯೋಗ ಕುಡಿತದ ಮೇಲೆ, ನಲವತ್ತು ನಿಮಿಷದ್ದು. ಅದರಲ್ಲಿ ಹದಿನೈದು ನಿಮಿಷ ಒಬ್ಬ ಮೈಕ್ ಹಿಡಿದು ಕುಡಿದರೆ ಏನೇನಾಗುತ್ತದೆ ಅಂತ ಹೇಳುತ್ತಿದ್ದ, ನಾವು ಅವನ ಹಿಂದೆ ಅದನ್ನೇ ಕುಣಿದು ತೋರಿಸುತ್ತಿದ್ದೆವು. ಮುಗಿದ ಮೇಲೆ ಒಬ್ಬ ಅಜ್ಜಿ ಹತ್ತಿರ ಬಂದು, "ಕುಣಿದಿದ್ದು ಚೊಲೋ ಇತ್ತು ತಂಗಿ, ಆದ್ರೆ ಮೈಕಲ್ಲಿ ಅವ ಎಂತಕ್ಕೆ ಕೂಗ್ತಿದ್ದ?" ಅಂದರು.

ಅವತ್ತಿಂದ ನಾವು ವಿಷಯದಿಂದ ಶುರು ಮಾಡೋದನ್ನೇ ಬಿಟ್ಟೆವು. ಒಂದು ಚಲನೆಯಿಂದ ಶುರು ಮಾಡುತ್ತೇವೆ. ನೀವೂ ಹಾಗೆ ಮಾಡಿ ನೋಡಿ.

ಇದೇನು ಹೊಸ ಮಾತಲ್ಲ, ನಮ್ಮೂರಲ್ಲೇ ಆಗಿ ಹೋಗಿದೆ. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರಲ್ಲ, ಆ ಚಳವಳಿಯ ಹೆಸರೇ ಅಪ್ಪಿಕೊ. ಎರಡು ತೋಳು ಚಾಚಿ, ಎದೆ ಒತ್ತಿ, ಕೆನ್ನೆ ತೊಗಟೆಗೆ ತಾಗಿಸಿ ನಿಲ್ಲೋದು, ಅಷ್ಟೇ. ಅದಕ್ಕೆ ಭಾಷಣ ಬೇಕಾಗಲಿಲ್ಲ. ನಿಮ್ಮ ಪ್ರಯೋಗಕ್ಕೂ ಅಂಥದ್ದೊಂದು ಚಲನೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು ಅಂತಲೇ ತಿಳಿಯಿರಿ.

ಹುಡುಕೋದು ಎಲ್ಲಿ? ಕೆಲಸ ಮಾಡುವವರ ಹತ್ತಿರ. ನಾವು ಒಂದು ಚಳಿಗಾಲದಲ್ಲಿ ನಾಲ್ಕು ರಾತ್ರಿ ಅಡಿಕೆ ಸುಲಿಯುವ ಮನೆಯಲ್ಲಿ ಹೋಗಿ ಕೂತಿದ್ದೆವು. ಫೋನಿನಲ್ಲಿ ವಿಡಿಯೋ ಮಾಡಲಿಲ್ಲ, ಸುಮ್ನೆ ನೋಡಿದೆವು, ಆಮೇಲೆ ನಾವೂ ಸುಲಿದೆವು. ಮೆಟ್ಟುಗತ್ತಿ, ಅಂದರೆ ಮಣೆಗೆ ನೆಟ್ಟ ಕತ್ತಿ, ಅದರ ಮೇಲೆ ಕೂತು, ಅಡಿಕೆ ಎತ್ತಿ, ಕತ್ತಿಗೆ ಒತ್ತಿ, ತಿರುಗಿಸಿ, ಬುಟ್ಟಿಗೆ ಬೀಳಿಸೋದು. ತಾಳದ ನಾಲ್ಕು ಮಾತ್ರೆಗೆ ಸರಿಯಾಗಿ ಕೂರುತ್ತದೆ ಅಂತ ನಮಗೆ ಖುಷಿಯೋ ಖುಷಿ. ಆದರೆ ಎರಡನೇ ರಾತ್ರಿ ಗಮನಕ್ಕೆ ಬಂದದ್ದು ಬೇರೆಯೇ. ಆ ಮನೆಯ ಅಮ್ಮ ಬೆಂಗಳೂರಲ್ಲಿರುವ ಮಗನ ಮಾತು ಬಂದಾಗಲೆಲ್ಲ ಮೂರನೇ ಮಾತ್ರೆಯಲ್ಲಿ ನಿಲ್ಲುತ್ತಿದ್ದರು. ಅಡಿಕೆ ಕತ್ತಿಯಲ್ಲೇ ಸಿಕ್ಕಿಕೊಂಡಿರುತ್ತದೆ, ಕೈ ತಿರುಗೋದಿಲ್ಲ. ಒಂದು ಉಸಿರು ಬಿಟ್ಟು ಮತ್ತೆ ಶುರು. ನಮಗೆ ಪ್ರಯೋಗ ಸಿಕ್ಕಿದ್ದು ಆ ನಿಲುಗಡೆಯಲ್ಲಿ. ಮಕ್ಕಳೆಲ್ಲ ಪೇಟೆ ಸೇರಿ ಅಪ್ಪ ಅಮ್ಮ ಇಬ್ಬರೇ ಉಳಿದ ಮನೆಗಳು, ಮೂವತ್ತೈದು ದಾಟಿದರೂ ಹೆಣ್ಣು ಸಿಗದ ತೋಟದ ಹುಡುಗರು, ಇದೆಲ್ಲ ಘಟ್ಟದ ಮೇಲೆ ಎಲ್ಲರಿಗೂ ಗೊತ್ತಿರುವ ಸಂಗತಿ. ನಾವು ಅದರ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಆರು ಜನ ಸಾಲಾಗಿ ಕೂತು ಸುಲಿಯುತ್ತಾರೆ. ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಉಳಿದವರ ಲಯ ತಪ್ಪುತ್ತಾ ಹೋಗಿ ಕೊನೆಗೆ ಒಬ್ಬರೇ ನಾಲ್ಕೂ ಮಾತ್ರೆ ಎಳೆಯುತ್ತಾರೆ.

ಹೀಗೆ ಸಿಕ್ಕ ಚಲನೆಯನ್ನು ಇಟ್ಟುಕೊಂಡು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಒಬ್ಬಳೇ ಮಾಡಿದರೆ ಏನು, ಆರು ಜನ ಮಾಡಿದರೆ ಏನು? ತುಂಬಾ ನಿಧಾನ ಮಾಡಿದರೆ ಏನಾಗುತ್ತದೆ? ಇದನ್ನು ತಡೆಯೋದು ಯಾವುದು? ಕಥೆ ಹುಟ್ಟೋದು ಮೂರನೆಯದರಲ್ಲಿ. ಸ್ಕ್ರಿಪ್ಟ್ ಬರೆಯೋದೇನೂ ಬೇಡ, ದೃಶ್ಯಕ್ಕೆ ಒಂದು ಸಾಲಿನ ಹಾಗೆ ಒಂದು ಪುಟದಲ್ಲಿ ಮುಗಿಸಿ.

ಮುದ್ರೆ, ಹೆಜ್ಜೆಗಳನ್ನು ಏನು ಮಾಡೋದು ಅಂತ ಕೇಳುತ್ತೀರಿ. ಇಟ್ಟುಕೊಳ್ಳಿ, ಆದರೆ ಅಳತೆ ಇರಲಿ. ಅಡಿಕೆ ಸುಲಿಯುವ ಕೈಗೆ ಭರತನಾಟ್ಯದ ಕಟಕಾಮುಖ ಮುದ್ರೆ ಹಾಕಿದರೆ ಮುಂದಿನ ಸಾಲಲ್ಲಿ ಕೂತ ಅಜ್ಜ ನಗುತ್ತಾನೆ. ನಮ್ಮ ಕಡೆಯ ಪ್ರೇಕ್ಷಕರು ಸಾಮಾನ್ಯದವರಲ್ಲ, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದವರು, ಹೆಜ್ಜೆ ಸಡಿಲಾದರೆ ಹಿಂದಿನ ಸಾಲಿನವರಿಗೂ ಗೊತ್ತಾಗುತ್ತದೆ. ಹೊಸದನ್ನು ಅವರು ಒಪ್ಪೋದಿಲ್ಲ ಅನ್ನೋದು ಮಾತ್ರ ಸುಳ್ಳು. ಶಿವರಾಮ ಕಾರಂತರು ಯಕ್ಷಗಾನದಲ್ಲಿ ಮಾತನ್ನೇ ತೆಗೆದು, ವಯಲಿನ್, ಸ್ಯಾಕ್ಸೋಫೋನ್ ಸೇರಿಸಿ ಬ್ಯಾಲೆ ಮಾಡಿದರು. ಗುಣವಂತೆಯ ಕೆರೆಮನೆ ಶಂಭು ಹೆಗಡೆಯವರು 1934ರಲ್ಲಿ ತಂದೆ ಕಟ್ಟಿದ ಯಕ್ಷಗಾನ ಮೇಳದವರು, ಅವರೂ ಕಥಕ್ ಕಲಾವಿದೆ ಮಾಯಾ ರಾವ್ ಹತ್ತಿರ ಹೋಗಿ ನೃತ್ಯ ಸಂಯೋಜನೆ ಕಲಿತು ಬಂದರು. ಕಲಿತದ್ದನ್ನು ಗಟ್ಟಿ ಮಾಡಿಕೊಂಡು ಆಮೇಲೆ ಮುರಿಯಿರಿ, ಅಷ್ಟೇ ನಾನು ಹೇಳೋದು.

ಇನ್ನೊಂದು ವಿಷಯ, ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ, ಯಲ್ಲಾಪುರ, ಹಳಿಯಾಳದ ಸಿದ್ದಿಯರ ಡಮಾಮಿ ವಾದ್ಯದ ಕುಣಿತ ಕಂಡರೆ ಎಲ್ಲ ತಂಡಗಳಿಗೂ ಆಸೆ. ಕೊರಳಿಗೆ ಮಣಿಸರ ಹೇರಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು ಅವರಂತೆ ವೇಷ ಕಟ್ಟಬೇಡಿ. ಆ ಕುಣಿತ ಬೇಕು ಅನ್ನಿಸಿದರೆ ಅವರನ್ನೇ ಕರೆಯಿರಿ, ಒಪ್ಪಿದರೆ ವೇದಿಕೆ ಹಂಚಿಕೊಳ್ಳಿ, ನಿಮಗೆ ಬಂದ ದುಡ್ಡಲ್ಲಿ ಸರಿಪಾಲು ಕೊಡಿ. ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಹಾಡಿಕೊಂಡೇ ಸಾರಾಯಿ ವಿರುದ್ಧ ನಿಂತವರು, 2017ರಲ್ಲಿ ಪದ್ಮಶ್ರೀ ಬಂತು. ಕುಡಿತದ ಬಗ್ಗೆ ಅವರ ಊರಿಗೇ ಹೋಗಿ ನಾವು ಪಾಠ ಮಾಡಿದರೆ ಹೇಗಿರುತ್ತದೆ, ನೀವೇ ಹೇಳಿ.

ತಾಲೀಮಿಗೆ ಮಳೆಗಾಲವೇ ಸರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಹಾಗಾಗಿ ಕಾರವಾರ, ಹೊನ್ನಾವರದ ಕಡೆಯ ತಂಡದಲ್ಲಿ ಮೀನುಗಾರ ಹುಡುಗರಿದ್ದರೆ ಅವರಿಗೂ ಆಗ ಬಿಡುವು. ಮೇಳಗಳ ತಿರುಗಾಟವೂ ನಿಂತಿರುತ್ತದೆ, ಚಂಡೆ ಮದ್ದಳೆಯವರು ಸಿಗುತ್ತಾರೆ. ತೊಂದರೆ ಒಂದೇ, ತಗಡಿನ ಮಾಡಿನ ಕೆಳಗೆ ಮಳೆ ಹೊಯ್ಯತೊಡಗಿದರೆ ತಾಳವೇ ಕೇಳೋದಿಲ್ಲ. ನಾವು ಒಂದು ಮಳೆಗಾಲದಲ್ಲಿ ಪಾಡು ಪಟ್ಟು ಕೊನೆಗೆ ಉಸಿರಿನ ಲೆಕ್ಕದಲ್ಲಿ, ಪಕ್ಕದವರ ಭುಜ ನೋಡಿಕೊಂಡು ಕುಣಿಯೋದು ಕಲಿತೆವು. ಈಗ ಬೇಕಂತಲೇ ವಾರಕ್ಕೊಮ್ಮೆ ಸಂಗೀತ ಬಂದ್ ಮಾಡಿ ತಾಲೀಮು ಮಾಡುತ್ತೇವೆ. ಕರೆಂಟು ಹೋದ ಪ್ರದರ್ಶನದಲ್ಲಿ ಅದು ನಮ್ಮನ್ನು ಉಳಿಸಿದೆ ಕೂಡ.

ಅರ್ಧ ತಾಲೀಮು ಆದಾಗ, ಪೂರ್ತಿ ಆದ ಮೇಲಲ್ಲ, ಆ ಕೆಲಸ ಮಾಡುವವರನ್ನೇ ಕರೆದು ತೋರಿಸಿ. ನಮ್ಮ ಸುಲಿಯುವ ದೃಶ್ಯ ನೋಡಿದ ಒಬ್ಬ ಅಕ್ಕ ಎದ್ದು ಬಂದು ಹುಡುಗಿಯ ಕೈ ಹಿಡಿದು, "ಹೆಬ್ಬೆರಳು ಅಲ್ಲಿಟ್ಟರೆ ಕೊಯ್ಕೊಳ್ತೀಯೇ ಮಾರಾಯ್ತಿ" ಅಂತ ಒಂದು ಅಂಗುಲ ಹಿಂದೆ ಸರಿಸಿದರು. ಆ ಒಂದು ಅಂಗುಲದಿಂದ ಮಣಿಕಟ್ಟು, ಮೊಣಕೈ, ಬೆನ್ನು ಎಲ್ಲ ಬದಲಾಯಿತು. ನಾವು ಎರಡು ತಿಂಗಳು ಬೆನ್ನು ನೆಟ್ಟಗೆ ಇಟ್ಟುಕೊಂಡು ಚೆಂದ ಕಾಣಿಸುತ್ತಿದ್ದೆವು!

ಸಮಯ ಮೂವತ್ತೈದು ನಿಮಿಷ ದಾಟದಿರಲಿ. ಸಣ್ಣ ತಂಡಕ್ಕೆ ಅದಕ್ಕಿಂತ ಜಾಸ್ತಿ ಎಳೆಯೋದು ಕಷ್ಟ, ವೇಷ ಬದಲಿಸಲೂ ಜನ ಸಾಲೋದಿಲ್ಲ. ವೇಷ ಅಂದರೆ ಎಲ್ಲರಿಗೂ ಒಂದೇ ಬಣ್ಣದ ಹತ್ತಿ ಬಟ್ಟೆ ಸಾಕು, ಸೊಂಟಕ್ಕೆ ಕಟ್ಟುವ ಒಂದು ಪಂಚೆಯೇ ಹೊರೆ, ಮಗು, ಸೆರಗು ಎಲ್ಲ ಆಗುತ್ತದೆ. ಮಾತು ಕಡಿಮೆ ಇದ್ದಷ್ಟೂ ಒಳ್ಳೆಯದು. ಘಟ್ಟದ ಮೇಲೆ ಹವ್ಯಕ ಕನ್ನಡ, ಕಾರವಾರದಲ್ಲಿ ಕೊಂಕಣಿ, ಒಂದೇ ಪ್ರಯೋಗ ಎರಡೂ ಕಡೆ ನಡೆಯಬೇಕಲ್ಲ.

ಪ್ರದರ್ಶನ ದೀಪಾವಳಿ ಮುಗಿದ ಮೇಲೆ ಇಟ್ಟುಕೊಳ್ಳಿ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಜಾತ್ರೆಯಿಲ್ಲದ ವರ್ಷ ಹೋಳಿಯ ಬೇಡರ ವೇಷದ ಕುಣಿತ, ಈ ದಿನಗಳಲ್ಲಿ ನಿಮ್ಮ ಕಡೆ ಯಾರೂ ತಿರುಗಿ ನೋಡೋದಿಲ್ಲ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕು, ಅಧ್ಯಕ್ಷರ ಭಾಷಣ ಒಂಬತ್ತೂವರೆವರೆಗೆ ಹೋಗಬಹುದು, ಇದನ್ನು ಕರೆಯುವವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಸಿಮೆಂಟ್ ನೆಲವಾದರೆ ಚಾಪೆ ಕೇಳಿ, ಇಲ್ಲವಾದರೆ ಮೊಣಕಾಲಿಗೆ ಗತಿಯಿಲ್ಲ. ಶಿರಸಿಯಿಂದ ಕರಾವಳಿಗೆ ಇಳಿಯುವವರು ಮೂರು ತಾಸು ಮೊದಲೇ ತಲುಪುವ ಹಾಗೆ ಹೊರಡಿ, ದೇವಿಮನೆ ಘಟ್ಟದಲ್ಲಿ ಒಬ್ಬರಾದರೂ ವಾಂತಿ ಮಾಡುತ್ತಾರೆ, ನಮ್ಮಲ್ಲಿ ಅದು ನಾನೇ.

ದುಡ್ಡಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ವಾಹನದ ಬಾಡಿಗೆ. ಊರಿನ ಸೊಸೈಟಿ, ಶಾಲೆಯ ವಾರ್ಷಿಕೋತ್ಸವ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಎಲ್ಲ ಕಡೆ ಅರ್ಜಿ ಕೊಡಿ. ಬರುತ್ತದೆ ಅಂತ ನಂಬಿ ಮಾತ್ರ ಖರ್ಚು ಮಾಡಬೇಡಿ. ಒಮ್ಮೆ ಹೀಗೆ ನಂಬಿ ಹತ್ತು ತಿಂಗಳು ಕಾದಿದ್ದೇವೆ.

ಮುಗಿದ ಮೇಲೆ ಮೈಕ್ ಹಿಡಿದು "ಅಭಿಪ್ರಾಯ ಹೇಳಿ" ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಬಣ್ಣ ತೆಗೆಯದೆ ಚಾ ಕೊಡುವಲ್ಲಿ ಹೋಗಿ ನಿಂತುಕೊಳ್ಳಿ. ನಿಜವಾದ ಮಾತು ಅಲ್ಲಿ ಬರುತ್ತದೆ, ಕೆಲವು ಸಲ ಪ್ರಯೋಗದ ಬಗ್ಗೆ ಅಲ್ಲದ ಮಾತೇ ಬರುತ್ತದೆ. ಒಬ್ಬರು ನನ್ನ ಹತ್ತಿರ ನಾಟಕದ ಸುದ್ದಿಯೇ ಎತ್ತದೆ, ಮಗ ಈ ಸಲ ಹಬ್ಬಕ್ಕೂ ಬರಲಿಲ್ಲ ಅಂತ ಹೇಳಿ ಲೋಟ ಕೆಳಗಿಟ್ಟು ಹೋದರು. ಅದನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮನೆಗೆ ಬಂದ ಕೂಡಲೇ ಗೆಜ್ಜೆಯ ಪಟ್ಟಿ ಬಿಚ್ಚಿ ಒಲೆಯ ಹತ್ತಿರ ಒಣಗಲು ಹಾಕಿ, ನಮ್ಮ ಹವೆಗೆ ಎರಡೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ.