ಕಡಲೂರಿನ ಬಾಲ್ಯವನ್ನು ಬರೆದಿಡುವುದು ಹೇಗೆ

ಕುಮಟಾ, ಹೊನ್ನಾವರ, ಭಟ್ಕಳ, ಗಂಗೊಳ್ಳಿಯಂಥ ಊರಲ್ಲಿ ಬೆಳೆದ ಹಿರಿಯರ ಮುಂದೆ ಫೋನ್ ಇಟ್ಟು ‘ನಿಮ್ಮ ಬಾಲ್ಯ ಹೇಗಿತ್ತು ಹೇಳಿ’ ಎಂದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಮೀನು ಬೇಕಾದಷ್ಟಿತ್ತು, ಮಳೆ ಜೋರಿತ್ತು, ಜನ ಒಳ್ಳೆಯವರಿದ್ದರು. ಪಕ್ಕದ ಮನೆಯಲ್ಲಿ ಕೇಳಿದರೂ ಇದೇ. ತಪ್ಪು ಅವರದಲ್ಲ, ಪ್ರಶ್ನೆಯದು. ‘ಹೇಗಿತ್ತು’ ಎಂದರೆ ಅಭಿಪ್ರಾಯ ಬರುತ್ತದೆ. ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಜೊತೆ, ಎಷ್ಟಕ್ಕೆ ಎಂದು ಕೇಳಿದರೆ ನೆನಪು ಬರುತ್ತದೆ. ಸ್ವಂತ ಬಾಲ್ಯ ಬರೆಯುವವರೂ ಇದೇ ಪ್ರಶ್ನೆಗಳನ್ನು ತಮಗೆ ಹಾಕಿಕೊಳ್ಳಬಹುದು.

ಧ್ವನಿಮುದ್ರಣ

ಬೇರೆ ಯಂತ್ರ ಬೇಡ, ಫೋನ್ ಸಾಕು. ಆದರೆ ಕರಾವಳಿಯ ಮನೆಯಲ್ಲಿ ಎರಡು ಶತ್ರುಗಳು: ಫ್ಯಾನ್ ಮತ್ತು ಗಾಳಿ. ಜಗಲಿಯಲ್ಲಿ ಕೂತರೆ ಚಿತ್ರ ಚೆನ್ನಾಗಿರುತ್ತದೆ, ಮಾತು ಕೇಳುವುದಿಲ್ಲ. ಅಲೆಯ ಸದ್ದು ಹಿನ್ನೆಲೆಯಲ್ಲಿರಲಿ ಎಂದು ದಡಕ್ಕೆ ಕರೆದುಕೊಂಡು ಹೋಗುವವರಿದ್ದಾರೆ. ಆಮೇಲೆ ಬರೆದುಕೊಳ್ಳಲು ಕೂತಾಗ ಅರ್ಧ ಮಾತು ಸಿಕ್ಕಿರುವುದಿಲ್ಲ. ಒಳಗಿನ ಕೋಣೆ, ಫ್ಯಾನ್ ಬಂದ್, ಕಿಟಕಿ ಅರ್ಧ ಮುಚ್ಚಿ, ಫೋನನ್ನು ಬಾಯಿಯಿಂದ ಒಂದು–ಒಂದೂವರೆ ಅಡಿ ದೂರದಲ್ಲಿ ಮಡಚಿದ ಟವಲ್ ಮೇಲೆ ಇಡಿ. ಬರಿ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೆಲ್ಲ ಗುಡುಗಿನಂತೆ ಬರುತ್ತದೆ. ಏರ್‌ಪ್ಲೇನ್ ಮೋಡ್ ಹಾಕುವುದನ್ನು ಮರೆಯಬೇಡಿ, ಒಂದು ಕರೆ ಬಂದರೆ ಕೆಲವು ಫೋನುಗಳಲ್ಲಿ ಮುದ್ರಣವೇ ನಿಂತುಬಿಡುತ್ತದೆ. ಸಾಧ್ಯವಿದ್ದರೆ ವೇವ್ (WAV) ಫೈಲ್ ಮಾಡಿ. ಒಂದೇ ಚಾನೆಲ್‌ನಲ್ಲಿ 44.1 ಕಿಲೋಹರ್ಟ್ಸ್, 16 ಬಿಟ್‌ಗೆ ನಿಮಿಷಕ್ಕೆ ಸುಮಾರು 5 ಎಂಬಿ, ಗಂಟೆಗೆ 300 ಎಂಬಿ ಚಿಲ್ಲರೆ ಜಾಗ ಬೇಕು.

ಮೊದಲ ಹತ್ತು ಸೆಕೆಂಡಿನಲ್ಲಿ ನೀವೇ ತಾರೀಕು, ಊರು, ಯಾರ ಜೊತೆ ಮಾತು ಎಂದು ಹೇಳಿ, ಮುದ್ರಿಸಲು ಅವರ ಒಪ್ಪಿಗೆಯನ್ನೂ ಅಲ್ಲೇ ಕೇಳಿ. ಒಂದು ಕೂರಿಕೆಗೆ 45 ನಿಮಿಷ ಸಾಕು. ಎಂಬತ್ತು ದಾಟಿದವರು ಅದಾದ ಮೇಲೂ ಹೇಳುತ್ತಾರೆ, ಆದರೆ ಹೇಳಿದ್ದನ್ನೇ ಹೇಳುತ್ತಾರೆ.

ಮಾತಿಗಿಂತ ಮೊದಲು ನಕ್ಷೆ

ದೊಡ್ಡ ಹಾಳೆಯೊಂದನ್ನು ಮುಂದಿಟ್ಟು ಪೆನ್ಸಿಲನ್ನು ಅವರ ಕೈಗೇ ಕೊಡಿ. ಮನೆಯಿಂದ ಶಾಲೆಗೆ ಹೋಗುತ್ತಿದ್ದ ದಾರಿ ಹಾಕಲಿ. ಕಡಲನ್ನು ಹಾಳೆಯ ಮೇಲ್ಭಾಗಕ್ಕೆ ಹಾಕುತ್ತಾರೋ ಕೆಳಭಾಗಕ್ಕೆ ಹಾಕುತ್ತಾರೋ, ತಿದ್ದಲು ಹೋಗಬೇಡಿ. ಪಶ್ಚಿಮ ಎಡಕ್ಕೇ ಬರಬೇಕೆಂಬುದು ನಮ್ಮ ನಿಮ್ಮ ಶಾಲೆಯ ಹಟ. ದಾರಿಯಲ್ಲಿ ಸಿಗುತ್ತಿದ್ದ ಬಾವಿ, ಗೇರುಮರ, ನಾಯಿ ಇದ್ದ ಮನೆ, ದೋಣಿ ಎಳೆದಿಡುತ್ತಿದ್ದ ಜಾಗ, ಮೀನು ಒಣಗಿಸುತ್ತಿದ್ದ ಬಯಲು, ಸಂಕ (ಕಾಲುಸೇತುವೆ) ಒಂದೊಂದನ್ನೂ ಗುರುತಿಸಿ. ನಕ್ಷೆ ಹಾಕುವಾಗ ಬರುವ ಮಾತು ಸಂದರ್ಶನದಲ್ಲಿ ಬರುವುದಿಲ್ಲ, ಆದ್ದರಿಂದ ಮುದ್ರಣ ಆಗಲೇ ಚಾಲೂ ಇರಲಿ.

ಆಮೇಲೆ ಇದನ್ನು ಸರ್ವೆ ಆಫ್ ಇಂಡಿಯಾ ನಕ್ಷೆಯ ಪಕ್ಕ ಇಟ್ಟು ನೋಡಿ. ಕಾರವಾರ, ಕುಮಟಾ, ಹೊನ್ನಾವರ 48ಜೆ ಹಾಳೆಗಳಲ್ಲಿ, ಭಟ್ಕಳ, ಕುಂದಾಪುರ, ಉಡುಪಿ 48ಕೆ ಹಾಳೆಗಳಲ್ಲಿ, ಮಂಗಳೂರು 48ಎಲ್‌ನಲ್ಲಿ ಬರುತ್ತವೆ. ಅಳಿವೆಯ ಬಾಯಿ ಹೊಂದದಿದ್ದರೆ ಹಿರಿಯರದೇ ತಪ್ಪು ಎಂದುಕೊಳ್ಳಬೇಡಿ. ನದಿ ಸಮುದ್ರ ಸೇರುವ ಜಾಗದ ಮರಳುದಿಬ್ಬ ಮಳೆಗಾಲಕ್ಕೊಮ್ಮೆ ಸರಿಯುತ್ತದೆ, ದಡ ಕೊರೆದು ಮನೆ ಹೋದದ್ದೂ ಇರುತ್ತದೆ. ‘ಇಲ್ಲಿ ಆಗ ಎಷ್ಟು ತೆಂಗಿನಸಾಲು ಇತ್ತು’ ಎಂದು ಕೇಳಿದರೆ ಕಡಲು ಎಷ್ಟು ಒಳಗೆ ಬಂದಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಭರತ–ಇಳಿತದ ಲೆಕ್ಕ

ಕಡಲೂರಿನ ನೆನಪನ್ನು ತಾಳೆ ನೋಡಲು ಇರುವ ಅತ್ಯುತ್ತಮ ಸಾಧನ ಪಂಚಾಂಗ. ಇದನ್ನು ಬಳಸುವವರು ಯಾಕೋ ಕಡಿಮೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಹುಣ್ಣಿಮೆ ಅಮಾವಾಸ್ಯೆಗಳಂದು ಹಗಲಿನ ಭರತ ಹನ್ನೊಂದರ ಆಸುಪಾಸು, ಇಳಿತ ಸಂಜೆ ಐದರ ಆಸುಪಾಸು ಬೀಳುತ್ತದೆ. ಅಲ್ಲಿಂದ ತಿಥಿಗೆ ಸುಮಾರು 48 ನಿಮಿಷದಂತೆ ಮುಂದೆ ಹೋಗುತ್ತದೆ. ಲೆಕ್ಕ ಸುಲಭ: ತಿಥಿಯನ್ನು ನಾಲ್ಕರಿಂದ ಗುಣಿಸಿ ಐದರಿಂದ ಭಾಗಿಸಿ, ಬಂದ ಗಂಟೆಯನ್ನು ಹನ್ನೊಂದಕ್ಕೆ ಕೂಡಿಸಿ. ಪಂಚಮಿಗೆ ನಾಲ್ಕು ಗಂಟೆ ಬಂತು, ಅಂದರೆ ಭರತ ಮಧ್ಯಾಹ್ನ ಮೂರಕ್ಕೆ, ಅದಕ್ಕೂ ಆರು ಗಂಟೆ ಮುಂಚಿನ ಇಳಿತ ಬೆಳಿಗ್ಗೆ ಒಂಬತ್ತಕ್ಕೆ. ಅಷ್ಟಮಿಗೆ ಭರತ ಸಂಜೆ ಐದೂವರೆಯ ಹತ್ತಿರ, ಅದೂ ಸಪ್ಪೆ ಭರತ. ನೀರು ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅರ್ಧ–ಮುಕ್ಕಾಲು ಗಂಟೆ ಹಿಂದುಮುಂದೆ ಇದ್ದೇ ಇರುತ್ತದೆ. ಹೊಳೆಯಲ್ಲಿ ಒಳಗೆ ಹೋದಷ್ಟೂ ತಡವಾಗುತ್ತದೆ. ಇದನ್ನು ನಂಬಿ ನೀರಿಗಿಳಿಯಬೇಡಿ, ನೆನಪು ತಾಳೆ ನೋಡಲಷ್ಟೇ ಇದು.

ಬಳಸುವುದು ಹೀಗೆ. ಅಘನಾಶಿನಿ ದಡದ ಅಜ್ಜಿಯೊಬ್ಬರು ‘ಹುಣ್ಣಿಮೆ ದಿವಸ ಬೆಳಿಗ್ಗೆ ಹತ್ತಕ್ಕೆಲ್ಲ ಬಳಚು ಆರಿಸೂಕೆ ಹೋಗ್ತಿದ್ವಿ’ ಎಂದರು ಎನ್ನಿ. ಆ ಹೊತ್ತಿಗೆ ನೀರು ಏರುತ್ತಿರುತ್ತದೆ. ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ಸಿಗುವ ಮರಳುದಿಣ್ಣೆ ಮುಳುಗಿರುತ್ತದೆ. ‘ಅದು ಹ್ಯಾಗೆ ಸಾಧ್ಯ ಅಜ್ಜಿ’ ಎಂದು ವಾದಕ್ಕೆ ನಿಲ್ಲುವುದು ಬೇಡ. ‘ವಾಪಸ್ ಬರುವಾಗ ಬಿಸಿಲು ಯಾವ ಕಡೆಯಿಂದ ಬೀಳ್ತಿತ್ತು? ಬಂದ ಮೇಲೆ ಊಟವಾ, ಚಾವಾ?’ ಎಂದು ಕೇಳಿ. ಚಾ ಎಂದರೆ ಸಂಜೆಯ ಇಳಿತ, ಹುಣ್ಣಿಮೆ ಸರಿ, ಹತ್ತು ಗಂಟೆ ತಪ್ಪು. ಊಟ ಎಂದರೆ ಹೊತ್ತು ಸರಿ, ತಿಥಿ ತಪ್ಪು, ಪಂಚಮಿ–ಷಷ್ಠಿಯ ಸುತ್ತಿನ ದಿನ ಇರಬೇಕು. ಒಂದು ಪ್ರಶ್ನೆಗೆ ಎರಡು ವಿವರ ಸಿಕ್ಕಿತು. ಶಾಲೆ ಬಿಟ್ಟ ಮೇಲೆ ದಡದಲ್ಲಿ ಆಡಲು ಅಗಲ ಜಾಗ ಸಿಗುತ್ತಿದ್ದ ದಿನಗಳು ಯಾವುವು ಎಂಬುದೂ ಇದೇ ಲೆಕ್ಕದಲ್ಲಿ ಸಿಗುತ್ತದೆ.

ವರ್ಷ ಹಿಡಿಯುವುದು

‘ಯಾವ ಇಸವಿ’ ಎಂದು ಕೇಳಿದರೆ ಹಿರಿಯರು ಸೌಜನ್ಯಕ್ಕೆ ಒಂದು ಇಸವಿ ಹೇಳಿಬಿಡುತ್ತಾರೆ. ಅದನ್ನು ಬರೆದುಕೊಳ್ಳಬೇಡಿ. ಅದರ ಬದಲು ಮೊದಲಾ, ಆಮೇಲಾ ಎಂದು ಕೇಳಿ. ಗೂಟಗಳು ಇವು: 1956ರ ನವೆಂಬರ್ 1ಕ್ಕೆ ಮೊದಲು ಕಾರವಾರದಿಂದ ಭಟ್ಕಳದವರೆಗೆ ಮುಂಬಯಿ ರಾಜ್ಯ, ಅದರಾಚೆ ದಕ್ಷಿಣಕ್ಕೆ ಮದ್ರಾಸ್ ರಾಜ್ಯ. ಶಾಲೆಯ ಪಠ್ಯ, ಪರೀಕ್ಷೆ, ಕಚೇರಿಯ ಕಾಗದ ಎಲ್ಲ ಬೇರೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ನೆರೆ ಬಗ್ಗೆ ಮಾತು ಬಂದಾಗ ಅಣೆಕಟ್ಟಿಗೆ ಮೊದಲಿನದಾ ನಂತರದ್ದಾ ಎಂದು ಕೇಳಿ. ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತಿ ಹಿಡಿಯುವ ಪರ್ಸೀನ್ ಬೋಟುಗಳು ಬಲವಾಗಿ ಬಂದದ್ದು 1970ರ ದಶಕದ ಉತ್ತರಾರ್ಧದಲ್ಲಿ. ಊರಿಗೆ ಊರೇ ಹಗ್ಗ ಹಿಡಿದು ದೊಡ್ಡ ರಂಪಣಿ ಬಲೆಯನ್ನು ದಡಕ್ಕೆ ಎಳೆದ ನೆನಪು ಹೆಚ್ಚಾಗಿ ಅದಕ್ಕೂ ಹಿಂದಿನದು. ಸಣ್ಣ ಬಲೆಯ ಕೈರಂಪಣಿ ಈಗಲೂ ಇದೆ, ಎರಡನ್ನೂ ಕಲಸಬೇಡಿ. ಉಡುಪಿ ಜಿಲ್ಲೆ ಆದದ್ದು 1997. ಕೊಂಕಣ ರೈಲು ಪೂರ್ತಿ ಓಡಿದ್ದು 1998ರ ಜನವರಿ. ಕಾರವಾರ–ಅಂಕೋಲಾ ನಡುವೆ ಊರು ಬಿಟ್ಟವರಿಗೆ ಸೀಬರ್ಡ್ ನೌಕಾನೆಲೆಯೇ ಗೂಟ, ಅದು ಕಾರ್ಯಾರಂಭ ಮಾಡಿದ್ದು 2005ರಲ್ಲಿ. ನಿಮ್ಮ ಊರಿನ ಸೇತುವೆ ಯಾವಾಗ ಆಯಿತು ಎಂದು ಅದರ ಫಲಕದಲ್ಲೇ ನೋಡಿ. ಹೊಳೆ ದಾಟಲು ದೋಣಿ ಕಾಯುತ್ತಿದ್ದ ಕಾಲವನ್ನು ಅದರಷ್ಟು ಚೆನ್ನಾಗಿ ಬೇರ್ಪಡಿಸುವ ಗುರುತು ಇನ್ನೊಂದಿಲ್ಲ.

ದುಡ್ಡಿನ ಮಾತಲ್ಲಿ ಎಡವುವವರು ಬಹಳ. ‘ನಾಲ್ಕಾಣೆಗೆ ಬುಟ್ಟಿ ತಾರ್ಲೆ ಮೀನು’ ಎಂದ ಮಾತ್ರಕ್ಕೆ ಅದು 1957ಕ್ಕಿಂತ ಹಿಂದಿನದಾಗುವುದಿಲ್ಲ. ಆ ವರ್ಷದ ಏಪ್ರಿಲ್ 1ಕ್ಕೆ ಪೈಸೆ ಲೆಕ್ಕ ಬಂದರೂ 25 ಪೈಸೆಯನ್ನು ನಾಲ್ಕಾಣೆ ಎನ್ನುವುದು ದಶಕಗಟ್ಟಲೆ ಉಳಿಯಿತು. ಒಂದಾಣೆ, ಎರಡಾಣೆಯ ನಾಣ್ಯದ ಆಕಾರ ಕೇಳಿದರೆ ಸುಳಿವು ಸಿಗುತ್ತದೆ. ಮೀನನ್ನು ತೂಕದಲ್ಲಿ ಕೊಟ್ಟರೋ, ಬುಟ್ಟಿಯಲ್ಲೋ, ಬಂಗಡೆ ನೂರಕ್ಕೆ ಇಷ್ಟು ಎಂದೋ ಅದನ್ನೂ ಬರೆಯಿರಿ. ಅಳತೆ ಇಲ್ಲದ ಬೆಲೆಗೆ ಅರ್ಥವಿಲ್ಲ.

ಮಳೆಗಾಲದ ಘಟನೆಗಳಿಗೆ ತಿಂಗಳಿಗಿಂತ ಮಳೆ ನಕ್ಷತ್ರ ಹೆಚ್ಚು ನಿಖರ. ಮೃಗಶಿರ ಜೂನ್ 7–8ಕ್ಕೆ, ಆರಿದ್ರಾ 21–22ಕ್ಕೆ, ಪುನರ್ವಸು ಜುಲೈ 5–6ಕ್ಕೆ, ಪುಷ್ಯ 19–20ಕ್ಕೆ, ಆಶ್ಲೇಷ ಆಗಸ್ಟ್ 2–3ಕ್ಕೆ ಹತ್ತುತ್ತದೆ. ‘ಆರಿದ್ರಾ ಮಳೇಲಿ ಮಾಡು (ಸೂರು) ಹಾರಿತ್ತು’ ಎಂದರೆ ನಿಮಗೆ ಹದಿನಾಲ್ಕು ದಿನದ ಅಂತರ ಸಿಕ್ಕಿತು.

ಮೀನು, ಅಡುಗೆ

ಮೀನಿನ ಹೆಸರನ್ನು ಅವರು ಹೇಳಿದಂತೆಯೇ ಬರೆಯಿರಿ. ಒಂದೇ ಮೀನು ಉತ್ತರ ಕನ್ನಡದಲ್ಲಿ ತಾರ್ಲೆ, ಕುಂದಾಪುರದ ಕಡೆ ಬೈಗೆ, ತುಳುವರಲ್ಲಿ ಬೂತಾಯಿ. ಶೆಟ್ಲಿ, ಚಟ್ಲಿ, ಎಟ್ಟಿ, ಸುಂಗಟ ಎಲ್ಲವೂ ಸಿಗಡಿಯೇ. ‘ಸರಿಯಾದ ಕನ್ನಡ’ಕ್ಕೆ ತಿದ್ದಿದರೆ ಹೇಳಿದವರ ಊರು, ಮನೆಮಾತು ಎರಡೂ ಅಳಿಸಿಹೋಗುತ್ತವೆ. ಅನುಮಾನವಿದ್ದರೆ ಪೇಟೆಯಲ್ಲಿ ಆ ಮೀನಿನ ಫೋಟೊ ತೆಗೆದು ತೋರಿಸಿ ಖಾತ್ರಿ ಮಾಡಿಕೊಳ್ಳಿ.

ಅಡುಗೆ ಬರೆದುಕೊಳ್ಳುವವರು ಕೇಳಿ ಬರೆಯುತ್ತಾರೆ, ಅಲ್ಲೇ ಕೆಡುವುದು. ‘ಉಪ್ಪು ಒಂದು ಮುಷ್ಟಿ’ ಎಂದರೆ ಯಾರ ಮುಷ್ಟಿ? ಮಾಡಿಸಿ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಉಪ್ಪಿನ ಮರಿಗೆಯನ್ನೇ ಇಟ್ಟು ಸೊನ್ನೆ ಮಾಡಿ. ಅವರು ಕೈ ಹಾಕಿ ತೆಗೆದಷ್ಟು ತಕ್ಕಡಿಯಲ್ಲಿ ಮೈನಸ್ ತೋರಿಸುತ್ತದೆ. ಅವರ ಕೈ ತಡೆಯಬೇಕಿಲ್ಲ, ಅಳತೆ ಸಿಗುತ್ತದೆ. ಬಂಗಡೆ ಸಾರಿಗೆ ಜುಮ್ಮನಕಾಯಿ ಎಂಬ ಮಸಾಲೆಕಾಯಿ ಎಷ್ಟು ಎಂದರೆ ‘ನಾಲ್ಕು’ ಎನ್ನುತ್ತಾರೆ. ಹಾಕುವಾಗ ಎಣಿಸಿ, ಬೀಜ ತೆಗೆದು ಜಜ್ಜಿದರೋ ಇಡಿಯಾಗಿ ಹಾಕಿದರೋ ನೋಡಿ. ಮಳೆಗಾಲಕ್ಕೆ ಕೂಡಿಟ್ಟ ಒಣಮೀನು, ಉಪ್ಪುನೀರಿನಲ್ಲಿಟ್ಟ ಹಲಸಿನ ತೊಳೆ, ಮಾವಿನಮಿಡಿ ಯಾವ ತಿಂಗಳಿಗೆ ಮುಗಿಯುತ್ತಿದ್ದವು ಎಂದು ಕೇಳಿ. ಸಂಭ್ರಮದ ಮಾತು ಅಲ್ಲಿಗೆ ನಿಂತು, ಆಷಾಢದ ಹಸಿವಿನ ಮಾತು ಶುರುವಾಗುತ್ತದೆ.

ಅದು ಬರಲೇಬೇಕು. ಈಗ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಸರ್ಕಾರದ ನಿಷೇಧವಿದೆ. ಅದಿಲ್ಲದಾಗಲೂ ಮಳೆಗಾಲದ ಕಡಲು ಪಾತಿದೋಣಿಯನ್ನು ಹೊರಗೆ ಬಿಡುತ್ತಿರಲಿಲ್ಲ. ಪೇಟೆಯ ಮನೆಯ ಮಗನಿಗೆ ಮಳೆಗಾಲವೆಂದರೆ ಕಾಗದದ ದೋಣಿ. ಖಾರ್ವಿ, ಹರಿಕಂತ್ರ, ಮೊಗವೀರರ ಮೀನುಗಾರ ಕೇರಿಯ ಮಗಳಿಗೆ ನೂಲು ಹುಣ್ಣಿಮೆಯ ಸಮುದ್ರಪೂಜೆ ಬರುವವರೆಗೆ ಸಾಲದ ಅಕ್ಕಿ. ಒಂದೇ ದಡ, ಎರಡು ಬಾಲ್ಯ. ಕನಿಷ್ಠ ಮೂರು ಕೇರಿಗಳಲ್ಲಿ ಕೇಳದೆ ‘ನಮ್ಮೂರು’ ಎಂದು ಬರೆಯಬೇಡಿ. ಹೆಂಗಸರನ್ನು ಗಂಡಸರಿಲ್ಲದಾಗ ಬೇರೆಯಾಗಿ ಕೂರಿಸಿ ಮಾತಾಡಿಸಿ. ‘ದೊಡ್ಡವಳಾದ ಮೇಲೆ ದಡಕ್ಕೆ ಹೋಗ್ಲಿಲ್ಲ’ ಎನ್ನುವ ಮಾತು ಗಂಡನೆದುರು ಬರುವುದಿಲ್ಲ. ಕಡಲಲ್ಲಿ ಜೀವ ಕಳೆದುಕೊಂಡವರ ಸುದ್ದಿಯನ್ನು ನೀವಾಗಿ ಎತ್ತಬೇಡಿ. ತಾವಾಗಿ ಹೇಳಿದರೆ ನಡುವೆ ಪ್ರಶ್ನೆ ಬೇಡ. ಅದನ್ನು ಪ್ರಕಟಿಸಬಹುದೇ ಎಂದು ಬೇರೆ ದಿನ ಕೇಳಿ.

ಫೋಟೊಗಳು

ಉಪ್ಪುಗಾಳಿ, ತೇವದಲ್ಲಿ ಹಳೆ ಫೋಟೊಗಳಿಗೆ ಬೂಸಲು ಹಿಡಿದಿರುತ್ತದೆ. ಬಿಸಿಲಿಗೆ ಹರವಬೇಡಿ, ಸುರುಟಿ ಪದರ ಬಿರುಕು ಬಿಡುತ್ತದೆ. ಒಣ ದಿನ ನೆರಳಲ್ಲಿ ಗಾಳಿಗಿಟ್ಟು, ಮೆದು ಬ್ರಶ್‌ನಿಂದ ಒಣ ಬೂಸಲು ತೆಗೆಯಿರಿ, ಮೂಗಿಗೆ ಮಾಸ್ಕ್ ಇರಲಿ. ಒದ್ದೆ ಬಟ್ಟೆ ಸೋಕಿಸಬಾರದು. ಚೌಕಟ್ಟಿನ ಗಾಜಿಗೆ ಅಂಟಿದ್ದರೆ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಅಂಟುಹಾಳೆಯ ಆಲ್ಬಂನಿಂದ ಬಿಡಿಸಲು ಹಲ್ಲು ತಿಕ್ಕುವ ಫ್ಲಾಸ್ ದಾರವನ್ನು ಫೋಟೊದ ಹಿಂದೆ ಗರಗಸದಂತೆ ಮೆಲ್ಲಗೆ ಆಡಿಸಿ. ಸ್ಕ್ಯಾನ್ 600 ಡಿಪಿಐ. ಮೂರೂವರೆ–ಐದು ಇಂಚಿನ ಫೋಟೊಗೆ 2100–3000 ಪಿಕ್ಸೆಲ್ ಸಿಗುತ್ತದೆ, ಹಿಂದೆ ನಿಂತವರ ಮುಖವೂ ಕಾಣುತ್ತದೆ. ಹಿಂಬದಿಯ ಬರಹ, ಸ್ಟುಡಿಯೊ ಮೊಹರನ್ನೂ ಸ್ಕ್ಯಾನ್ ಮಾಡಿ. ಹೆಸರು ಬರೆಯಲು ಮೆದು ಪೆನ್ಸಿಲ್ ಮಾತ್ರ. ಬಾಲ್‌ಪೆನ್ನಿನ ಗೆರೆ ಮುಂಬದಿಗೆ ಉಬ್ಬುತ್ತದೆ.

ಬರೆದುಕೊಂಡು, ಓದಿ ತೋರಿಸುವುದು

ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಐದಾರು ಗಂಟೆ ಬೇಕು. ‘ಹೋಗೂಕೆ’, ‘ಹೋಪ್ಕೆ’ ಅವರ ಬಾಯಲ್ಲಿ ಬಂದಂತೇ ಇರಲಿ. ಕೇಳಿಸದ ಕಡೆ ಊಹಿಸಿ ತುಂಬದೆ, ಸಮಯ ಗುರುತು ಹಾಕಿ ಬಿಟ್ಟುಬಿಡಿ. ಫೈಲಿನ ಹೆಸರಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಊರು. ಮೂರು ಪ್ರತಿ ಮಾಡಿ, ಒಂದು ಕರಾವಳಿಯಿಂದ ಹೊರಗಿರಲಿ, ಘಟ್ಟದ ಮೇಲಿನ ನೆಂಟರ ಮನೆಯಾದರೂ ಸರಿ. ಇಲ್ಲಿನ ತೇವಕ್ಕೆ ಹಾರ್ಡ್‌ಡಿಸ್ಕ್ ಬೇಗ ಕೆಡುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಮಳೆಗಾಲ ಮುಗಿದ ಮೇಲೊಮ್ಮೆ ತೆರೆದು ನೋಡಿ.

ಬರೆದದ್ದನ್ನು 16 ಪಾಯಿಂಟ್ ಅಕ್ಷರದಲ್ಲಿ ಎಡಪುಟಕ್ಕೆ ಮಾತ್ರ ಮುದ್ರಿಸಿ, ಬಲಪುಟ ಖಾಲಿ ಬಿಟ್ಟು, ಹೇಳಿದವರಿಗೇ ಗಟ್ಟಿಯಾಗಿ ಓದಿ ತೋರಿಸಿ. ಓದುವಾಗ ಮುದ್ರಣ ಮತ್ತೆ ಹಚ್ಚಿಡಿ, ‘ಅಲ್ಲ, ಅದು ಹಾಗಲ್ಲ’ ಎಂದು ಶುರುವಾಗುವ ಮಾತು ಮೊದಲಿನದಕ್ಕಿಂತ ವಿವರವಾಗಿರುತ್ತದೆ. ತಿದ್ದುಪಡಿ ಬಲಪುಟಕ್ಕೆ ಹೋಗಲಿ, ಮೊದಲು ಹೇಳಿದ್ದನ್ನು ಹೊಡೆದುಹಾಕಬೇಡಿ.