ಸ್ಲೋ ಕುಕ್ಕರಿನಲ್ಲಿ ಗಟ್ಟಿ ಮೊಸರು: ನನ್ನ ಅನುಭವ

ಸ್ಲೋ ಕುಕ್ಕರಿನಲ್ಲಿ, ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆಯಲ್ಲಿ, ಮೊಸರು ಹೆಪ್ಪುಗಟ್ಟುವುದು ಸ್ವಿಚ್ ಆರಿಸಿದ ಮೇಲೆ. ಇದು ಗೊತ್ತಿಲ್ಲದೆ ರಾತ್ರಿಯಿಡೀ ‘ವಾರ್ಮ್’ನಲ್ಲಿ ಬಿಟ್ಟರೆ ಬೆಳಿಗ್ಗೆ ಸಿಗುವುದು ಬಿಸಿ ಹಾಲು, ಇಲ್ಲವೇ ಒಡೆದ ಹಾಲು. ಮಾಡಿದ ಅಡುಗೆ ಕೆಡದಿರಲೆಂದು ಇಟ್ಟ ಗುಂಡಿ ಅದು; ಬಿಸಿ 60 ಡಿಗ್ರಿ ದಾಟಿರುತ್ತದೆ. ಅಂಗಡಿ ಯೋಗರ್ಟಿನ ಬ್ಯಾಕ್ಟೀರಿಯಾಗಳಿಗೆ ಹಿತವಾದದ್ದು 40ರಿಂದ 45 ಡಿಗ್ರಿ ಸೆಲ್ಸಿಯಸ್. ಈ ಕುಕ್ಕರಿನಿಂದ ನಮಗೆ ಬೇಕಾದದ್ದು ಅದರ ದಪ್ಪ ಸೆರಾಮಿಕ್ ಪಾತ್ರೆ. ಒಮ್ಮೆ ಕಾದರೆ ಗಂಟೆಗಟ್ಟಲೆ ಬಿಸಿ ಬಿಡುವುದಿಲ್ಲ. ಚಳಿಯ ಊರುಗಳಲ್ಲಿ, ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಮೊಸರು ಹೆಪ್ಪಾಗದ ಕಡೆ, ಇದು ನಿಜಕ್ಕೂ ಕೈಹಿಡಿಯುತ್ತದೆ.

ನಾನು ಒಂದು ಸಲಕ್ಕೆ 2 ಲೀಟರ್ ಗಟ್ಟಿ ಹಾಲು ಹಾಕುತ್ತೇನೆ. ಮುಚ್ಚಳ ಮುಚ್ಚಿ ‘ಲೋ’ದಲ್ಲಿ ಇಟ್ಟರೆ ಎರಡೂವರೆ, ಮೂರು ಗಂಟೆಗೆ ಹಾಲು 82–85 ಡಿಗ್ರಿ ಮುಟ್ಟುತ್ತದೆ. ಕುಕ್ಕರಿನಿಂದ ಕುಕ್ಕರಿಗೆ ಇದು ಬೇರೆಯಾಗುವುದರಿಂದ ಮೊದಲ ಸಲ ಥರ್ಮಾಮೀಟರ್ ಇಟ್ಟು ನೋಡಿ, ಹೊತ್ತು ಬರೆದಿಟ್ಟುಕೊಳ್ಳಿ. ಪಾಶ್ಚರೀಕರಿಸಿದ ಹಾಲಾದರೂ ಇಷ್ಟು ಕಾಯಿಸಲೇಬೇಕು. ಈ ಬಿಸಿಗೆ ಹಾಲಿನ ನೀರಿನಂಶದಲ್ಲಿರುವ ಪ್ರೋಟೀನು ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್‌ಗೆ ಅಂಟಿಕೊಂಡು, ಮೊಸರು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆಚ್ಚಗೆ ಮಾಡಿ ಹೆಪ್ಪು ಹಾಕಿದರೆ ಮೊಸರೇನೋ ಆಗುತ್ತದೆ, ಆದರೆ ಸೌಟು ಇಟ್ಟೊಡನೆ ನೀರಾಗುತ್ತದೆ.

ಆಮೇಲೆ ಪ್ಲಗ್ ತೆಗೆದು, 43 ಡಿಗ್ರಿಯ ಹತ್ತಿರ ಬರುವವರೆಗೆ ಆರಲು ಬಿಡಬೇಕು. ಮುಚ್ಚಳ ಮುಚ್ಚಿಯೇ ಇದ್ದರೆ ಸುಮಾರು 3 ಗಂಟೆ. ಅವಸರಕ್ಕೆ ಪಾತ್ರೆಯನ್ನು ತಣ್ಣೀರಿನಲ್ಲಿ ಇಡಬೇಡಿ, ಸೆರಾಮಿಕ್ ಬಿರುಕು ಬಿಡುತ್ತದೆ. ಇಲ್ಲೇ ಹೆಚ್ಚು ಜನ ತಪ್ಪುವುದು: ನಡುವೆ 43 ಡಿಗ್ರಿ ಇದ್ದಾಗಲೂ ಪಾತ್ರೆಯ ಅಂಚಿಗೆ ಒತ್ತಿಕೊಂಡ ಹಾಲು ಇನ್ನೂ ಬಿಸಿಯೇ. ತಳದಿಂದ ಕಲಕಿ, ಆಮೇಲೆ ಅಳೆಯಿರಿ. ಥರ್ಮಾಮೀಟರ್ ಇಲ್ಲದಿದ್ದರೆ ತೊಳೆದ ಕಿರುಬೆರಳು ಅದ್ದಿ ಹತ್ತು ಎಣಿಸುವಷ್ಟು ಹೊತ್ತು ತಡೆಯಲಾದರೆ ಸರಿ.

ಹೆಪ್ಪಿಗೆ ಲೀಟರಿಗೆ 2 ದೊಡ್ಡ ಚಮಚ ಸಾಕು. ಒಂದು ಲೋಟ ಅದೇ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ ಹಾಕಿ. ಜಾಸ್ತಿ ಹಾಕಿದರೆ ಗಟ್ಟಿಯಾಗುತ್ತದೆಂಬುದು ತಪ್ಪು. ಬೇಗ ಹುಳಿಯೇರಿ ತರಿತರಿಯಾಗುತ್ತದೆ. ಅಂಗಡಿಯದ್ದಾದರೆ ಸಕ್ಕರೆ, ಜೆಲಟಿನ್ ಇಲ್ಲದ, ‘ಲೈವ್ ಕಲ್ಚರ್’ ಎಂದು ಬರೆದಿರುವ ಯೋಗರ್ಟ್ ಆರಿಸಿ. ಊರಿನ ಮನೆ ಹೆಪ್ಪಿನಲ್ಲಿ ತಂಪಿಗೆ ಒಗ್ಗಿದ ಬ್ಯಾಕ್ಟೀರಿಯಾಗಳೂ ಇರುತ್ತವೆ, ಅದಕ್ಕೆ 35–37 ಡಿಗ್ರಿಯೇ ಒಳ್ಳೆಯದು.

ಈಗ ಮುಚ್ಚಳ ಮುಚ್ಚಿ, ಕುಕ್ಕರಿನ ಸಮೇತ ಎರಡು ದಪ್ಪ ಟವೆಲ್ ಸುತ್ತಿ, ಅಲುಗಾಡಿಸದೆ ಬಿಡಿ. ಮೊಸರನ್ನಕ್ಕೆ ಸಿಹಿ ಮೊಸರು ಬೇಕೆಂದರೆ 6 ಗಂಟೆ, ಮಜ್ಜಿಗೆಗೆ 9–10 ಗಂಟೆ. ಪಾತ್ರೆಯನ್ನು ತುಸು ಓರೆ ಮಾಡಿದಾಗ ಮೊಸರು ಒಂದೇ ಗಡ್ಡೆಯಾಗಿ ಅಂಚಿನಿಂದ ಬಿಟ್ಟುಕೊಂಡು ನಡುಗಬೇಕು, ಹರಿಯಬಾರದು. ಹರಿದರೆ ಕುಕ್ಕರ್ ಮತ್ತೆ ಹಾಕಬೇಡಿ, ತಳ ಮಾತ್ರ ಕಾದು ಒಡೆಯುತ್ತದೆ. ಪಾತ್ರೆಯನ್ನಷ್ಟೇ ತೆಗೆದು, ಬೆಂಕಿ ಹಾಕದ ಓವನ್ನಿನಲ್ಲಿ ದೀಪ ಮಾತ್ರ ಹಚ್ಚಿ ಇನ್ನೆರಡು ಗಂಟೆ ಇಡಿ.

ಲೋಳೆ ಲೋಳೆಯಾಗಿ ಎಳೆ ಬಂದರೆ ಹಾಲು ಬೇಗ ತಣ್ಣಗಾಗಿದೆ ಎಂದೇ ಸಾಮಾನ್ಯವಾಗಿ ಅರ್ಥ. ಮುಂದಿನ ಸಲಕ್ಕೆ ಹೊಸ ಹೆಪ್ಪು ತನ್ನಿ. ಮೇಲೆ ಹಳದಿ ನೀರು ನಿಂತರೆ ಬಿಸಿ ಹೆಚ್ಚಾಗಿದೆ ಅಥವಾ ಹೊತ್ತು ಮೀರಿದೆ, ತಿನ್ನಲು ತೊಂದರೆಯಿಲ್ಲ. ಟೆಟ್ರಾ ಪ್ಯಾಕಿನ ಹಾಲು ಮೆತ್ತಗೆ ಹೆಪ್ಪಾಗುವುದು ಸಾಮಾನ್ಯ. ಲೀಟರಿಗೆ 3 ದೊಡ್ಡ ಚಮಚ ಹಾಲಿನಪುಡಿ ಕದಡಿದರೆ ಗಟ್ಟಿಯಾಗುತ್ತದೆ.

ಫ್ರಿಜ್ಜಿನಲ್ಲಿ 6 ಗಂಟೆ ಇಟ್ಟ ಮೇಲೆಯೇ ಸೌಟು ಹಾಕಿ. ಆ ಮೊದಲ ಸೌಟನ್ನು ಪುಟ್ಟ ಸ್ಟೀಲ್ ಡಬ್ಬಿಗೆ ತೆಗೆದಿಡಿ. ವಾರದೊಳಗೆ ಮುಂದಿನ ಹೆಪ್ಪಿಗೆ ಅದೇ.