ಟೋಪಿಯವನ ರೆಕಾರ್ಡನ್ನು ನಾಲ್ಕು ಸಲ ಕೊಂಡೆ

ಒಂದು ಅಡಿ ಉದ್ದ, ಒಂದು ಅಡಿ ಅಗಲದ ಚಪ್ಪಟೆ ಡಬ್ಬ ಬಾಗಿಲಿಗೆ ಬಂದರೆ ಸಾಕು, ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಾಳೆ: “ಮತ್ತೆ ಅದೇ ಟೋಪಿಯವನಾ?”

ಟೋಪಿಯವನು ಅಂದರೆ ಮಾರ್ಕ್ ಬೋಲನ್. ಟಿ. ರೆಕ್ಸ್ ಬ್ಯಾಂಡಿನ ಹಾಡುಗಾರ. 1972ರ ಜುಲೈನಲ್ಲಿ ಬಂದ ‘ದಿ ಸ್ಲೈಡರ್’ ಆಲ್ಬಂನ ಮೇಲೆ ಎತ್ತರದ ಕರಿ ಟೋಪಿ ಹಾಕಿಕೊಂಡು, ಗುಂಗುರು ಕೂದಲು ಹರಡಿಕೊಂಡು ನಮ್ಮನ್ನೇ ನೋಡುತ್ತಾನೆ. ಕಪ್ಪು ಬಿಳುಪು ಫೋಟೊ, ಮಸುಕುಮಸುಕು. ಫೋಟೊ ತೆಗೆದವರು ಬೀಟಲ್ಸ್ ಬ್ಯಾಂಡಿನ ರಿಂಗೋ ಸ್ಟಾರ್ ಎಂದು ಆಲ್ಬಂ ಮೇಲೆ ಅಚ್ಚಾಗಿದೆ. ಆಲ್ಬಂನ ನಿರ್ಮಾಪಕ ಟೋನಿ ವಿಸ್ಕೊಂಟಿ ಮಾತ್ರ “ಅದನ್ನು ತೆಗೆದದ್ದು ನಾನು” ಅನ್ನುತ್ತಾರೆ. ಅದೇ ಬೀಟಲ್ಸ್‌ನ ಜಾನ್ ಲೆನನ್ ಮನೆಯ ತೋಟದಲ್ಲಿ ರಿಂಗೋ ಸಿನಿಮಾ ಶೂಟಿಂಗ್ ಮಾಡುತ್ತಿದ್ದಾಗ ತೆಗೆದದ್ದಂತೆ. ಐವತ್ತು ವರ್ಷ ಕಳೆದರೂ ಆ ಜಗಳ ಬಗೆಹರಿದಿಲ್ಲ.

ಈ ಒಂದೇ ಆಲ್ಬಂ ನಮ್ಮ ಮನೆಯಲ್ಲಿ ನಾಲ್ಕು ಪ್ರತಿ ಇದೆ. ಮೂರನೆಯದು ಬಂದ ದಿನ ಹೆಂಡತಿ ಹೇಳಿದಳು: “ಅವನು ಟೋಪಿ ಹಾಕಿಕೊಂಡಿಲ್ಲ ರೀ. ನಿಮಗೆ ಹಾಕಿದ್ದಾನೆ.”

ಅರ್ಧ ನಿಜ. ಯಾಕೆ ನಾಲ್ಕು ಸಲ ಕೊಂಡೆ, ಎಲ್ಲಿ ಕೈ ಸುಟ್ಟುಕೊಂಡೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಹಳೇ ಬ್ಯಾಂಡುಗಳ ರೆಕಾರ್ಡುಗಳನ್ನು ಹೊಸದಾಗಿ ಅಚ್ಚು ಹಾಕಿ ಮಾರುವ ಈ ಕಾಲದಲ್ಲಿ ಯಾರಿಗಾದರೂ ನಾಲ್ಕು ಕಾಸು ಉಳಿದರೆ ಉಳಿಯಲಿ.

ಮೈಸೂರಿನ ನಮ್ಮ ಮನೆಯಲ್ಲಿ ಅಪ್ಪನದೊಂದು ಎಚ್‌ಎಂವಿ ಪೆಟ್ಟಿಗೆ ಇತ್ತು. ಕಲ್ಕತ್ತದ ದಂ ದಂ ಕಾರ್ಖಾನೆಯಿಂದ ಬಂದ ಸಿನಿಮಾ ಹಾಡಿನ ಪ್ಲೇಟುಗಳಿದ್ದವು. ಮುಳ್ಳನ್ನು ನಾವು ಮುಟ್ಟುವ ಹಾಗಿರಲಿಲ್ಲ. ಕೆಲಸಕ್ಕೆಂದು ಲಂಡನ್ನಿಗೆ ಬಂದ ಮೇಲೆ ಒಂದು ಶನಿವಾರ ದಾನದ ಸಾಮಾನು ಮಾರುವ ಅಂಗಡಿಯಲ್ಲಿ 50 ಪೆನ್ಸ್‌ಗೆ ಒಂದು ಸಣ್ಣ ರೆಕಾರ್ಡ್ ಸಿಕ್ಕಿತು. ಟಿ. ರೆಕ್ಸ್‌ನ ‘ಮೆಟಲ್ ಗುರು’. ಹೆಸರಲ್ಲಿ ಗುರು ಇದೆಯಲ್ಲ ಎಂದು ಕೊಂಡೆ ಅಷ್ಟೆ. ಮನೆಗೆ ತಂದು ಹಾಕಿದೆ. ಶುರುವಿನಲ್ಲೇ ಎಲ್ಲರೂ ಸೇರಿ ಜಾತ್ರೆಯಲ್ಲಿ ಕೂಗಿದ ಹಾಗೆ ಒಂದು ಕೂಗು. ಪದೇ ಪದೇ ಅದೇ ಸಾಲು. ಆ ಸಂಜೆ ಹನ್ನೊಂದು ಸಲ ಕೇಳಿದೆ.

ಆಮೇಲೆ ಓದಿಕೊಂಡೆ. 1971ರ ಮಾರ್ಚಿನಲ್ಲಿ ಬೋಲನ್ ಕಣ್ಣ ಕೆಳಗೆ ಮಿನುಗುಪುಡಿ ಹಚ್ಚಿಕೊಂಡು ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮದಲ್ಲಿ ‘ಹಾಟ್ ಲವ್’ ಹಾಡಿದ. ಮಿನುಗು ವೇಷ ಹಾಕಿ ಹಾಡುವ ಗ್ಲ್ಯಾಮ್ ರಾಕ್ ಶುರುವಾಗಿದ್ದು ಅಲ್ಲಿಂದ ಅನ್ನುವವರು ಜಾಸ್ತಿ. ಆ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಅದೇ ವರ್ಷ ‘ಗೆಟ್ ಇಟ್ ಆನ್’, ಮರುವರ್ಷ ‘ಟೆಲಿಗ್ರಾಮ್ ಸ್ಯಾಮ್’ ಮತ್ತು ‘ಮೆಟಲ್ ಗುರು’ ಕೂಡ ನಂಬರ್ ಒಂದು. 1977ರ ಸೆಪ್ಟೆಂಬರ್ 16ರಂದು ಲಂಡನ್ನಿನ ಬಾರ್ನ್ಸ್‌ನಲ್ಲಿ ಕಾರು ಮರಕ್ಕೆ ಹೊಡೆದು ಸತ್ತ. ಮೂವತ್ತು ತುಂಬಲು ಎರಡು ವಾರ ಬಾಕಿ ಇತ್ತು. ಅವನಿಗೆ ಕಾರು ಓಡಿಸಲು ಬರುತ್ತಲೇ ಇರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತಿದ್ದ.

ರೆಕಾರ್ಡ್ ಕೊಳ್ಳುವವರಿಗೆ ಒಂದು ವಿಷಯ ಗೊತ್ತಿರಬೇಕು. 1971ರ ‘ಎಲೆಕ್ಟ್ರಿಕ್ ವಾರಿಯರ್’ ಆಲ್ಬಂ ತನಕ ಇಂಗ್ಲೆಂಡಿನಲ್ಲಿ ಬೋಲನ್ ಇದ್ದದ್ದು ಫ್ಲೈ ಎಂಬ ಕಂಪನಿಯಲ್ಲಿ. 1972ರಲ್ಲಿ ಇಎಂಐ ಎಂಬ ದೊಡ್ಡ ರೆಕಾರ್ಡ್ ಕಂಪನಿ ಜೊತೆ ಸೇರಿ ತನ್ನದೇ ಲೇಬಲ್ ಮಾಡಿಕೊಂಡ. ಹೆಸರು ಟಿ. ರೆಕ್ಸ್ ವ್ಯಾಕ್ಸ್ ಕಂಪನಿ. ‘ದಿ ಸ್ಲೈಡರ್’ ಅಲ್ಲಿಂದ ಬಂದ ಮೊದಲ ಆಲ್ಬಂ. ಹಾಗಾಗಿ ಮೊದಲಿನ ಹಾಡುಗಳ ಹಕ್ಕು ಒಬ್ಬರ ಕೈಗೆ, ಆಮೇಲಿನದು ಇನ್ನೊಬ್ಬರ ಕೈಗೆ ಹೋಯಿತು. ಎಂಬತ್ತರ ದಶಕದಲ್ಲಿ ಅಭಿಮಾನಿಗಳೇ ಸೇರಿ ಮಾರ್ಕ್ ಆನ್ ವ್ಯಾಕ್ಸ್ ಎಂಬ ಲೇಬಲ್ಲಿನಲ್ಲಿ ಈ ಆಮೇಲಿನ ಆಲ್ಬಂಗಳನ್ನು ಮತ್ತೆ ಅಚ್ಚು ಹಾಕಿದರು. ಆಮೇಲೆ ಬೇರೆಯವರು. ಒಂದೇ ಬ್ಯಾಂಡಿನ ಎರಡು ಆಲ್ಬಂಗಳ ಮರುಮುದ್ರಣ ಪಕ್ಕಪಕ್ಕ ಇಟ್ಟರೆ ಕಾಗದ, ಬಣ್ಣ, ದನಿ ಯಾವುದೂ ಹೊಂದುವುದಿಲ್ಲ. ದಾಯಾದಿಗಳು ಭಾಗ ಮಾಡಿಕೊಂಡ ಮನೆ ಇದ್ದ ಹಾಗೆ.

ಇದ್ಯಾವುದೂ ಗೊತ್ತಿಲ್ಲದೆ ನಾನು ಕೊಂಡ ಮೊದಲ ‘ಸ್ಲೈಡರ್’ ಒಂದು ಪಿಕ್ಚರ್ ಡಿಸ್ಕ್. ರೆಕಾರ್ಡಿನ ಮೇಲೇ ಬೋಲನ್ ಮುಖ. ತಿರುಗಿಸಿದರೆ ಟೋಪಿಯೂ ತಿರುಗುತ್ತೆ. ನೋಡಲು ಸೊಗಸು. ಕೇಳಲು ಕೂತರೆ ಹಿಂದುಗಡೆ ಒಗ್ಗರಣೆಗೆ ಸಾಸಿವೆ ಹಾಕಿದ ಸದ್ದು. ಮುಳ್ಳು ಹಾಳಾಗಿದೆ ಎಂದುಕೊಂಡು ಹೊಸ ಮುಳ್ಳು ಕೊಂಡೆ. ಸದ್ದು ಅಲ್ಲೇ ಇತ್ತು. ಆಮೇಲೆ ಒಬ್ಬರು ಅಂಗಡಿಯವರು ಬಿಡಿಸಿ ಹೇಳಿದರು. ಪಿಕ್ಚರ್ ಡಿಸ್ಕಿನಲ್ಲಿ ಎರಡೂ ಬದಿಯ ಅಚ್ಚಾದ ಕಾಗದದ ಮೇಲೆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಒತ್ತಿರುತ್ತಾರೆ. ಹಾಡಿನ ಗೀರು ಬೀಳುವುದು ಆ ಹಾಳೆಯ ಮೇಲೆ. ಮಾಮೂಲಿ ರೆಕಾರ್ಡಿನಷ್ಟು ಶುದ್ಧವಾಗಿ ಅದು ಬರುವುದು ಅಪರೂಪ. “ಅದನ್ನು ಗೋಡೆಗೆ ನೇತುಹಾಕಿ ಸರ್” ಎಂದರು. ನೇತುಹಾಕಿದ್ದೇನೆ.

ಎರಡನೆಯದು ಬಣ್ಣ ಎರಚಿದ ರೆಕಾರ್ಡ್. ಹೋಳಿ ಆಡಿ ಬಂದ ಹಾಗೆ ಇತ್ತು. 28 ಪೌಂಡ್. ‘ಸೀಮಿತ ಮುದ್ರಣ’ ಎಂದು ಸ್ಟಿಕ್ಕರ್. ಸದ್ದು ಕಡಿಮೆ, ಆದರೆ ಬೇರೆ ರೋಗ. ವಿಸ್ಕೊಂಟಿ ಹಾಕಿದ ಪಿಟೀಲುಗಳು ಎಳೆದು ನಿಂತಾಗ ಸ್ವರ ಮೇಲೆ ಕೆಳಗೆ ತೂಗುತ್ತಿತ್ತು. ಆ ವರ್ಷ ಅಪ್ಪ ನಮ್ಮಲ್ಲಿಗೆ ಬಂದಿದ್ದರು. ಇಂಗ್ಲಿಷ್ ಹಾಡು ಅವರಿಗೆ ಆಗಿಬರುವುದಿಲ್ಲ. ಪೇಪರ್ ಓದುತ್ತಿದ್ದವರು ತಲೆ ಎತ್ತಿ, “ಇವನಿಗೆ ಶ್ರುತಿ ನಿಲ್ತಾ ಇಲ್ಲವಲ್ಲೋ” ಎಂದರು. ಬಗ್ಗಿ ನೋಡಿದರೆ ಮುಳ್ಳಿನ ತೋಳು ಪ್ರತಿ ಸುತ್ತಿಗೂ ಎಡಕ್ಕೆ ಬಲಕ್ಕೆ ಓಲಾಡುತ್ತಿತ್ತು. ನಡುವಿನ ತೂತು ನಡುವಲ್ಲೇ ಇರಲಿಲ್ಲ. ಒಂದು ಮಿಲಿಮೀಟರ್ ಆಚೀಚೆ ಆದರೂ ಕಿವಿಗೆ ಗೊತ್ತಾಗುತ್ತೆ. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕರೀ ರೆಕಾರ್ಡಿನಲ್ಲೂ ಆಗುತ್ತೆ.

ಇಲ್ಲಿ ಅಂಗಡಿಯಿಂದ ಕೊಂಡದ್ದರಲ್ಲಿ ದೋಷ ಇದ್ದರೆ ಕೈಸೇರಿದ 30 ದಿನದೊಳಗೆ ಹಿಂದಿರುಗಿಸಿ ದುಡ್ಡು ವಾಪಸ್ ಕೇಳುವ ಹಕ್ಕಿದೆ. ನಾನು ಎರಡು ತಿಂಗಳು ಪ್ಲಾಸ್ಟಿಕ್ ಬಿಚ್ಚದೆ ಇಟ್ಟಿದ್ದೆ. ಬಿಚ್ಚಿದರೆ ಬೆಲೆ ಹೋಗುತ್ತೆ ಎಂಬ ಭಯ! ಮಾರಿದವರು ಕೈ ಎತ್ತಿದರು. ಅಂದಿನಿಂದ ಯಾವುದೇ ರೆಕಾರ್ಡ್ ಬರಲಿ, ಅದೇ ವಾರ ಎರಡೂ ಬದಿ ಪೂರ್ತಿ ಕೇಳುತ್ತೇನೆ.

ಅಲ್ಲಿಂದ ನಾನು ಸ್ವಲ್ಪ ಓದಿಕೊಳ್ಳಲು ಶುರುಮಾಡಿದೆ. ಹಾಡು ಮುಗಿದ ಮೇಲೆ ಲೇಬಲ್ಲಿನ ತನಕ ಖಾಲಿ ಜಾಗ ಇರುತ್ತಲ್ಲ, ಅದಕ್ಕೆ ಇಲ್ಲಿನವರು ಡೆಡ್ ವ್ಯಾಕ್ಸ್ ಎನ್ನುತ್ತಾರೆ. ದೀಪದ ಕೆಳಗೆ ಓರೆ ಹಿಡಿದರೆ ಅಲ್ಲಿ ಕೊರೆದ ಅಂಕಿ, ಅಕ್ಷರ ಕಾಣುತ್ತವೆ. ಯಾವ ಅಚ್ಚು ಎಂಬುದು ಅದರಿಂದ ಗೊತ್ತಾಗುತ್ತೆ. ಎಷ್ಟೋ ಸಲ ಕೊರೆದವರ ಹೆಸರಿನ ಮೊದಲಕ್ಷರವೂ ಇರುತ್ತೆ. ಆ ಅಂಕಿಯನ್ನು ಡಿಸ್ಕಾಗ್ಸ್ ಎಂಬ ರೆಕಾರ್ಡುಗಳ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ವರ್ಷದ್ದು, ಯಾವ ದೇಶದ್ದು ಎಂದು ಜಾತಕವೇ ಬರುತ್ತೆ. ನನಗೆ ಈಗ ಹೊದಿಕೆಯ ಸ್ಟಿಕ್ಕರಿಗಿಂತ ಆ ಗೀಚು ಮುಖ್ಯ.

ಸ್ಟಿಕ್ಕರಿನ ಮಾತನ್ನೂ ನಿಧಾನವಾಗಿ ಓದಬೇಕು. ‘ಮೂಲ ಟೇಪಿನಿಂದ ಕೊರೆದದ್ದು’ ಅನ್ನುವುದು ಒಂದು, ‘ರೀಮಾಸ್ಟರ್ ಮಾಡಿದ್ದು’, ಅಂದರೆ ದನಿಯನ್ನು ಮತ್ತೆ ಹದಗೊಳಿಸಿದ್ದು, ಅನ್ನುವುದು ಇನ್ನೊಂದು. ಎರಡನೆಯದರಲ್ಲಿ ಹಿಂದೆ ಸಿಡಿಗೆಂದು ಮಾಡಿದ ಫೈಲನ್ನೇ ರೆಕಾರ್ಡಿಗೂ ಬಳಸಿರಬಹುದು. ಅದು ಕೆಟ್ಟದ್ದೇ ಆಗಬೇಕೆಂದಿಲ್ಲ. ಆದರೆ ಮೊದಲನೆಯದರ ಬೆಲೆಗೆ ಎರಡನೆಯದನ್ನು ಕೊಳ್ಳಬಾರದು ಅಲ್ವಾ? ‘180 ಗ್ರಾಂ’ ಎಂಬುದಕ್ಕೆ ನಾನು ಮರುಳಾಗುವುದಿಲ್ಲ. ಭಾರ ಇದ್ದರೆ ರೆಕಾರ್ಡ್ ಕೈಗೆ ಗಟ್ಟಿ ಅನಿಸುತ್ತೆ, ಅಷ್ಟೆ. ಹಾಡು ಗೀರಿನಲ್ಲಿದೆ, ತೂಕದಲ್ಲಿಲ್ಲ.

ಮಧ್ಯೆ ಎರಡು ವರ್ಷ ಏನು ಕೇಳಿದರೂ “ತಡವಾಗಿದೆ” ಎಂಬ ಉತ್ತರ. ರೆಕಾರ್ಡ್ ಮಾಡಲು ಮೊದಲು ಲ್ಯಾಕರ್ ಎಂಬ ಮೆತ್ತನೆ ಲೇಪದ ತಟ್ಟೆಯ ಮೇಲೆ ಹಾಡು ಕೊರೆಯುತ್ತಾರೆ. ಅದರಿಂದ ಲೋಹದ ಅಚ್ಚು ತೆಗೆದು, ಆ ಅಚ್ಚಿನಿಂದ ಪ್ಲಾಸ್ಟಿಕ್ ಒತ್ತುತ್ತಾರೆ. ಲ್ಯಾಕರ್ ತಟ್ಟೆ ಮಾಡುವ ಕಾರ್ಖಾನೆಗಳು ಪ್ರಪಂಚದಲ್ಲಿ ಇದ್ದದ್ದೇ ಎರಡು. ಒಂದು ಜಪಾನಿನಲ್ಲಿ. ಇನ್ನೊಂದು ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್. ಅದು 2020ರ ಫೆಬ್ರುವರಿಯಲ್ಲಿ ಸುಟ್ಟುಹೋಯಿತು. ಅದರ ಹಿಂದೆಯೇ ಕೋವಿಡ್. 2021, 2022 ಅಂದರೆ ಟಿ. ರೆಕ್ಸ್‌ನ ದೊಡ್ಡ ಆಲ್ಬಂಗಳಿಗೆ ಐವತ್ತು ತುಂಬುವ ಹೊತ್ತು. ಸರಿಯಾದ ಹೊತ್ತಿಗೇ ಸಾಮಾನಿಲ್ಲ.

ಮೂರನೆಯದನ್ನು ಆ ಬರಗಾಲದಲ್ಲೇ ಕೊಂಡೆ. ಮರುಮುದ್ರಣ ಸಾಕು, ಅಸಲಿಯೇ ಬೇಕು ಎಂದು ಹಟ. ಒಂದು ಊರಿನ ರೆಕಾರ್ಡ್ ಸಂತೆಯಲ್ಲಿ 1972ರ ಪ್ರತಿ ಸಿಕ್ಕಿತು. ಬೆನ್ನ ಮೇಲೆ ಬಿಎಲ್‌ಎನ್ 5001 ಎಂಬ ನಂಬರ್. ಒಳಗಿನ ಕಾಗದದ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಯಾವುದೋ ಹುಡುಗಿಯ ಗುಂಡು ಅಕ್ಷರ: ಕ್ರಿಸ್ಮಸ್ 1972, ಅಪ್ಪ ಕೊಟ್ಟದ್ದು. ಪಕ್ಕದಲ್ಲಿ ಒಂದು ನಕ್ಷತ್ರ. ಆ ಹುಡುಗಿಗೆ ಈಗ ಅರವತ್ತು ದಾಟಿರುತ್ತೆ. ಎಷ್ಟು ಸಲ ಹಾಕಿ ಕುಣಿದಳೋ! ಆಲ್ಬಂನ ಮೊದಲ ಹಾಡು ‘ಮೆಟಲ್ ಗುರು’ ಸವೆದು ಹೋಗಿತ್ತು. ಮೊದಲ ಬದಿಯ ಕೊನೆಯ ಹಾಡು ‘ಬ್ಯೂಯಿಕ್ ಮಕೇನ್’ ಮಾತ್ರ ಹೊಸದರಂತೆ. ಅಲ್ಲಿಯವರೆಗೆ ಅವಳು ಹೋಗುತ್ತಿರಲಿಲ್ಲ ಅಂತ ಕಾಣುತ್ತೆ. ಅಸಲಿಯೇ ಯಾವಾಗಲೂ ಮೇಲು ಎನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಸವೆದ ಅಸಲಿಗಿಂತ ಚೆನ್ನಾಗಿ ಕೊರೆದ ಹೊಸದೇ ನನಗೆ ಇಷ್ಟ. ಆದರೂ ಆ ಪ್ರತಿಯನ್ನು ಮಾರಲು ಮನಸ್ಸಿಲ್ಲ. ಅದು ಆ ನಕ್ಷತ್ರಕ್ಕಾಗಿ.

ನಾಲ್ಕನೆಯದು ಸುಮ್ನೆ ಕರೀ ರೆಕಾರ್ಡ್. ಬಣ್ಣ ಇಲ್ಲ, ನಂಬರ್ ಇಲ್ಲ, ಪೋಸ್ಟರ್ ಇಲ್ಲ. 22 ಪೌಂಡ್. ಅಂಗಡಿಯಲ್ಲಿ ನಿಂತೇ ಕೇಳಿ ಕೊಂಡೆ. ಲಂಡನ್ನಿನ ಸೊಹೊದ ಬರ್ವಿಕ್ ಸ್ಟ್ರೀಟ್ ಕಡೆಯ ಅಂಗಡಿಗಳಲ್ಲಿ ಕೇಳಿದರೆ ಹಾಕಿ ತೋರಿಸುವವರು ಇದ್ದಾರೆ. ನಾನು ಕೇಳುವುದು ಎರಡೇ ಹಾಡು. ಒಂದು ‘ಬ್ಯೂಯಿಕ್ ಮಕೇನ್’. ಗಿಟಾರ್ ಜೋರು, ಅದೂ ಲೇಬಲ್ಲಿನ ಹತ್ತಿರ. ಒಳಗೆ ಹೋದಷ್ಟೂ ಸುತ್ತು ಚಿಕ್ಕದಾಗಿ ಗೀರು ಇಕ್ಕಟ್ಟಾಗುತ್ತೆ. ಕಳಪೆ ಅಚ್ಚಾದರೆ ದನಿ ಒಡೆಯುವುದು ಅಲ್ಲೇ. ಇನ್ನೊಂದು ಎರಡನೇ ಬದಿಯ ‘ಬಾಲ್‌ರೂಮ್ಸ್ ಆಫ್ ಮಾರ್ಸ್’. ಮೆಲ್ಲಗೆ ಶುರುವಾಗುವ ಹಾಡು. ಚಿಟಪಟ ಇದ್ದರೆ ಅಲ್ಲಿ ಅಡಗಲು ಜಾಗವಿಲ್ಲ. ‘ಎಲೆಕ್ಟ್ರಿಕ್ ವಾರಿಯರ್’ ಆದರೆ ‘ಕಾಸ್ಮಿಕ್ ಡ್ಯಾನ್ಸರ್’ ಹಾಕಿಸುತ್ತೇನೆ. ಅದರಲ್ಲಿ ಎಳೆದ ಪಿಟೀಲುಗಳಿವೆ. ತೂತು ಓರೆಯಾಗಿದ್ದರೆ ಅಪ್ಪನ ಮಾತು ನೆನಪಾಗುತ್ತೆ.

ಏಪ್ರಿಲ್ ತಿಂಗಳ ರೆಕಾರ್ಡ್ ಸ್ಟೋರ್ ಡೇ, ಅಂದರೆ ರೆಕಾರ್ಡ್ ಅಂಗಡಿಗಳ ಹಬ್ಬದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2008ರಿಂದ ನಡೆಯುತ್ತಿದೆ. ಆ ದಿನಕ್ಕೆಂದೇ ಕೆಲವು ರೆಕಾರ್ಡ್ ಬಿಡುತ್ತಾರೆ, ಟಿ. ರೆಕ್ಸ್‌ನವೂ ಬರುತ್ತವೆ. ಒಂದು ಸಲ ಬೆಳಗ್ಗೆ ಐದಕ್ಕೆ ಹೋಗಿ ಸಾಲಲ್ಲಿ ನಿಂತೆ. ಥರ್ಮಾಸಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ. ಮುಂದಿದ್ದವನಿಗೂ ಚಿತ್ರಾನ್ನ ಕೊಟ್ಟೆ. ನನಗೆ ಬೇಕಾಗಿದ್ದ ಕೊನೇ ಪ್ರತಿ ಅವನೇ ತೆಗೆದುಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಅದೇ ರೆಕಾರ್ಡುಗಳು ಎರಡರಷ್ಟು ಬೆಲೆಗೆ ಆನ್‌ಲೈನಿನಲ್ಲಿ ಕೂತಿದ್ದವು. ಆರು ತಿಂಗಳು ಕಾದೆ. ಅರ್ಧಕ್ಕಿಳಿಯಿತು. ಈಗ ಸಾಲಿಗೆ ಹೋಗುವುದಿಲ್ಲ.

ಕೊಂಡ ಮೇಲೆ ಕಾಪಾಡುವುದು ಬೇರೆಯೇ ಕೆಲಸ. ಹೊಸ ರೆಕಾರ್ಡನ್ನೂ ತೊಳೆದೇ ಹಾಕುತ್ತೇನೆ. ಡಿಸ್ಟಿಲ್ಡ್ ವಾಟರ್, ಒಂದೆರಡು ಹನಿ ಸೋಪು, ಮೆತ್ತನೆಯ ಬ್ರಷ್. ಗೀರಿನ ಜೊತೆ ಸುತ್ತ ಉಜ್ಜಬೇಕು, ಅಡ್ಡ ಅಲ್ಲ. ಕಾಗದದ ಒಳಹೊದಿಕೆ ತೆಗೆದು ಪ್ಲಾಸ್ಟಿಕ್ ಒಳಪದರ ಇರುವುದಕ್ಕೆ ಹಾಕುತ್ತೇನೆ. ಹಳೆಯ ಕಾಗದವನ್ನು ಎಸೆಯಬೇಡಿ, ಜೊತೆಗೇ ಇಡಿ. ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅದನ್ನೇ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಬೇಕು. ಒಂದರ ಮೇಲೊಂದು ಪೇರಿಸಬಾರದು.

ಈ ಕೊನೆಯ ಮಾತನ್ನು ನಾನೇ ಮರೆತೆ. ಒಂದು ವರ್ಷ ಇಲ್ಲಿ ಜಾಗ ಸಾಲದೆ ಹನ್ನೆರಡು ರೆಕಾರ್ಡುಗಳನ್ನು ಸೂಟ್‌ಕೇಸಿನಲ್ಲಿ ಮೈಸೂರಿಗೆ ಒಯ್ದೆ. ಬಟ್ಟೆಗಳ ನಡುವೆ ಇಟ್ಟು ಜೋಪಾನವಾಗಿಯೇ ಒಯ್ದಿದ್ದೆ. ಅಮ್ಮ ಅವನ್ನು ಅಟ್ಟದ ಮೇಲೆ, ಹಿತ್ತಾಳೆ ಕೊಳಗದ ಪಕ್ಕ, ಅಡ್ಡಡ್ಡ ಪೇರಿಸಿದ್ದರು. ಮೇಲೆ ಶೀಟಿನ ಸೂರು. ಎರಡು ಏಪ್ರಿಲ್ ಕಳೆದು ಹೋಗಿ ತೆಗೆದರೆ ಮೇಲಿನ ಮೂರು ಹಪ್ಪಳದ ಹಾಗೆ ಅಲೆ ಎದ್ದಿದ್ದವು. ಕೆಳಗಿನವುಗಳ ಹೊದಿಕೆಗೆ ಮಳೆಗಾಲದ ಬೂಷ್ಟು. “ಪ್ಲಾಸ್ಟಿಕ್ ತಾನೇ, ಏನಾಗುತ್ತೆ ಅಂದುಕೊಂಡೆ ಕಣೋ” ಎಂದರು ಅಮ್ಮ. ಅವರ ತಪ್ಪೇನಿಲ್ಲ, ಹೇಳದೆ ಬಂದವನು ನಾನು.

ಹಾಳಾದ ಮೂರರಲ್ಲಿ ಒಂದು ‘ಟ್ಯಾಂಕ್ಸ್’. 1973ರ ಆಲ್ಬಂ. ಅದರ ಮೇಲೆ ಬೋಲನ್ ಆಟಿಕೆಯ ಟ್ಯಾಂಕ್ ಇಟ್ಟುಕೊಂಡು ಕೂತಿದ್ದಾನೆ. ಕಳೆದ ವಾರ ಅದರ ಕರೀ ಮರುಮುದ್ರಣ ತರಿಸಿದೆ. ಚಪ್ಪಟೆ ಡಬ್ಬ ಬಂತು. ಅಡುಗೆಮನೆಯಿಂದ ಅದೇ ಪ್ರಶ್ನೆಯೂ ಬಂತು.

“ಈ ಸಲ ಟೋಪಿ ಇಲ್ಲ,” ಎಂದೆ. “ಟ್ಯಾಂಕು.”

“ದೇವರೇ, ಯುದ್ಧಕ್ಕೇ ಬಂದನಾ,” ಎಂದು ಕೈ ಒರೆಸಿಕೊಂಡು ಬಂದು, ಡಬ್ಬವನ್ನು ಅವಳೇ ಬಿಚ್ಚಿದಳು.